ಮುಂದಿನ ಮ್ಯಾಕ್‌ಬುಕ್‌ಗೆ ಯಾವ ಚಿಪ್? ವದಂತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಬಗೆ

ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಹುಟ್ಟಿಸುವ ಬಿಸಿಯನ್ನು ಬಳಸುವವರ ತೊಡೆಗೂ ಅಂಗೈಗೂ ತಟ್ಟದಂತೆ ಹೊರಗೆ ಸಾಗಿಸುವ ವಿನ್ಯಾಸ ನನ್ನ ವೃತ್ತಿ. ಈ ಕಸುಬಿನವರಿಗೆ ಪರಿಚಿತರಿಂದ ತಪ್ಪದೆ ಬರುವ ಪ್ರಶ್ನೆಯೆಂದರೆ, ಆಪಲ್‌ನ ಮುಂದಿನ ಮ್ಯಾಕ್‌ಬುಕ್‌ನಲ್ಲಿ ಯಾವ ಚಿಪ್ ಬರುತ್ತದಂತೆ, ಈಗಲೇ ಕೊಳ್ಳಬೇಕೋ ಕಾಯಬೇಕೋ ಎಂಬುದು. ಆ ಕಂಪನಿಯ ಒಳಗಿನ ಸುದ್ದಿ ನಮ್ಮಂಥವರಿಗೆ ಸಿಗುವುದಿಲ್ಲ. ಆದರೂ ಹಬ್ಬಿರುವ ವದಂತಿಗಳಲ್ಲಿ ಯಾವುದಕ್ಕೆ ಕಾಲಿದೆ, ಯಾವುದಕ್ಕೆ ಇಲ್ಲ ಎಂದು ತೂಗಿ ನೋಡುವುದಕ್ಕೆ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಬಹುಮಟ್ಟಿಗೆ ಸಾಕಾಗುತ್ತದೆ. ಆ ಚಿಪ್‌ನ ಬಿಸಿ ಆ ತೆಳ್ಳಗಿನ ಪೆಟ್ಟಿಗೆಯಿಂದ ಹೇಗೆ ಹೊರಬೀಳುತ್ತದೆ? ಅಂಥ ಚಿಪ್ ಮಾಡಿಕೊಡುವುದರಿಂದ ತಯಾರಕನಿಗೆ ಏನು ಲಾಭ? ಊಹಿಸುವವರಲ್ಲಿ ಹೆಚ್ಚಿನವರು ಈ ಎರಡನ್ನೂ ಬಿಟ್ಟು ಗಿಗಾಹರ್ಟ್ಸ್‌ನಿಂದ, ಅಂದರೆ ಚಿಪ್‌ನ ಗಡಿಯಾರದ ವೇಗದಿಂದ, ಆರಂಭಿಸುತ್ತಾರೆ.

ಅದಕ್ಕೆ ಎಂದೂ ಬಾರದ ಪವರ್‌ಬುಕ್ ಜಿ5ಗಿಂತ ಒಳ್ಳೆಯ ನಿದರ್ಶನವಿಲ್ಲ. ಪವರ್‌ಬುಕ್ ಎಂದರೆ ಮ್ಯಾಕ್‌ಬುಕ್‌ಗೆ ಮುಂಚಿನ ಆಪಲ್ ಲ್ಯಾಪ್‌ಟಾಪ್. 2003ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಐಬಿಎಂ ತಯಾರಿಸಿದ, ಪವರ್‌ಪಿಸಿ ಎಂಬ ಚಿಪ್ ಕುಟುಂಬದ 970 ಚಿಪ್‌ನ (ಆಪಲ್ ಅದನ್ನು ಜಿ5 ಎಂದು ಕರೆಯಿತು) ಪವರ್ ಮ್ಯಾಕ್ ಜಿ5 ಡೆಸ್ಕ್‌ಟಾಪನ್ನು ಪರಿಚಯಿಸಿ, ಆಗ 2 ಗಿಗಾಹರ್ಟ್ಸ್‌ನಲ್ಲಿದ್ದ ವೇಗ ಹನ್ನೆರಡು ತಿಂಗಳೊಳಗೆ 3 ಗಿಗಾಹರ್ಟ್ಸ್ ಮುಟ್ಟುತ್ತದೆ ಎಂದು ವೇದಿಕೆಯ ಮೇಲೆಯೇ ಮಾತು ಕೊಟ್ಟರು. ಪವರ್‌ಬುಕ್‌ಗಳು ಮಾತ್ರ ಹಳೆಯ ಜಿ4 ಚಿಪ್‌ನಲ್ಲೇ ಉಳಿದಿದ್ದವು. ಅಲ್ಲಿಂದ ಎರಡು ವರ್ಷ ಜಿ5 ಚಿಪ್‌ನ ಪವರ್‌ಬುಕ್ ಇನ್ನೇನು ಬಂದೇಬಿಟ್ಟಿತು ಎಂಬ ಸುದ್ದಿ ನಿಂತದ್ದೇ ಇಲ್ಲ. ಆಪಲ್ ಹೊಸ ಸರಕನ್ನು ಹೆಚ್ಚಾಗಿ ಮಂಗಳವಾರಗಳಂದು ಬಿಡುಗಡೆ ಮಾಡುತ್ತಿದ್ದುದರಿಂದ ‘ಪವರ್‌ಬುಕ್ ಜಿ5, ಮುಂದಿನ ಮಂಗಳವಾರ’ ಎಂಬುದೇ ಒಂದು ನಗೆಮಾತಾಗಿ ಹೋಯಿತು. ಆದರೆ ಉತ್ತರ ಆ ಡೆಸ್ಕ್‌ಟಾಪಿನ ಒಳಗೇ ಕಾಣುವಂತಿತ್ತು. ಅಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಒಂಬತ್ತು ಫ್ಯಾನ್‌ಗಳಿದ್ದವು. ಮರುವರ್ಷ ವೇಗವನ್ನು 2.5 ಗಿಗಾಹರ್ಟ್ಸ್‌ಗೆ ಏರಿಸುವಾಗ ಫ್ಯಾನ್ ಸಾಲದೆ ದ್ರವವನ್ನು ಹರಿಸಿ ತಂಪು ಮಾಡುವ ವ್ಯವಸ್ಥೆಯನ್ನೇ ಹಾಕಬೇಕಾಯಿತು. ಡೆಸ್ಕ್‌ಟಾಪಿನಲ್ಲೇ ಕೊಳವೆ ಜೋಡಿಸಬೇಕಾದ ಚಿಪ್ ಒಂದಂಗುಲದ ಆಸುಪಾಸಿನ ದಪ್ಪದ ಲ್ಯಾಪ್‌ಟಾಪಿಗೆ ಹೇಗೆ ಹೋದೀತು? ಆಗ ಮಾರಾಟ ಮತ್ತು ಪೂರೈಕೆಯ ಹೊಣೆ ಹೊತ್ತಿದ್ದ ಟಿಮ್ ಕುಕ್ 2005ರ ಆರಂಭದಲ್ಲಿ, ಉಷ್ಣದ ದೃಷ್ಟಿಯಿಂದ ಇದಕ್ಕಿಂತ ಕಠಿಣವಾದ ಸವಾಲು ಇನ್ನೊಂದಿಲ್ಲ ಎಂಬರ್ಥದ ಮಾತನ್ನು ಬಹಿರಂಗವಾಗಿಯೇ ಹೇಳಿದ್ದರು. ಅದನ್ನು ಕೇಳಿಯೂ ಜನ ಮುಂದಿನ ಮಂಗಳವಾರಕ್ಕೆ ಕಾದರು.

ಇಲ್ಲಿ ಕೆಲಸ ಮಾಡುವ ಲೆಕ್ಕ ಸರಳವಾದದ್ದು. ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ಅದರ ಗಡಿಯಾರದ ವೇಗಕ್ಕೆ ಅನುಗುಣವಾಗಿಯೂ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಹೆಚ್ಚಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ಎರಡನ್ನೂ ಶೇಕಡ 20ರಷ್ಟು ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇಕಡ 73ರಷ್ಟು ಏರುತ್ತದೆ, ಮತ್ತು ಆ ಪೂರ್ತಿ ವಿದ್ಯುತ್ತು ಕೊನೆಗೆ ಬಿಸಿಯೇ ಆಗುತ್ತದೆ. ಪ್ರಯೋಗಾಲಯದ ಮೇಜಿನ ಮೇಲೆ ಇದು ಕಣ್ಣಿಗೇ ಕಾಣುತ್ತದೆ. ಲ್ಯಾಪ್‌ಟಾಪಿನ ತಳಕ್ಕೆ, ಕೀಲಿನ ಬದಿಗೆ, ಅಂಗೈ ಊರುವ ಜಾಗಕ್ಕೆ ಉಷ್ಣತೆ ಅಳೆಯುವ, ಕೂದಲೆಳೆಯಂಥ ಥರ್ಮೋಕಪಲ್ ತಂತಿಗಳನ್ನು ಟೇಪಿನಿಂದ ಅಂಟಿಸಿ, ಚಿಪ್‌ನೊಳಗೆ ಲೆಕ್ಕ ಮಾಡುವ ಘಟಕಗಳಾದ ಕೋರ್‌ಗಳೆಲ್ಲಕ್ಕೂ ಒಮ್ಮೆಗೇ ಕೆಲಸ ಕೊಡುತ್ತೇವೆ. ಮೊದಲ ಕೆಲವು ಸೆಕೆಂಡು ಪರದೆಯ ಮೇಲಿನ ಗೆರೆ ಜಾಹೀರಾತಿನ ವೇಗದಲ್ಲೇ ಓಡುತ್ತದೆ. ಬಿಸಿ ಸಾಗಿಸುವ ತಾಮ್ರದ ಹೀಟ್ ಪೈಪ್ ಬಿಸಿಯೇರುತ್ತದೆ, ಫ್ಯಾನ್ ಸದ್ದು ಏರುತ್ತದೆ, ತಳದ ಉಷ್ಣತೆ ಮಿತಿಯ ಹತ್ತಿರ ಬರುತ್ತದೆ. ಆಗ ಯಂತ್ರದೊಳಗಿನ ನಿಯಂತ್ರಣ ತಂತ್ರಾಂಶವಾದ ಫರ್ಮ್‌ವೇರ್ ವೋಲ್ಟೇಜನ್ನೂ ವೇಗವನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಒಂದು ಸಮಗೆರೆಗೆ ತಂದು ನಿಲ್ಲಿಸುತ್ತದೆ. ಆ ಸಮಗೆರೆಯೇ ಲ್ಯಾಪ್‌ಟಾಪಿನ ನಿಜವಾದ ವೇಗ. ಸೋರಿದ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಅಂಕಿಗಳಲ್ಲಿ ಹೆಚ್ಚಿನವು ಮೊದಲ ಸೆಕೆಂಡುಗಳವು. ಅವನ್ನು ನಂಬುವುದು ಮದುವೆಮನೆಯ ಮೊದಲ ಪಂಕ್ತಿಯ ಎಲೆ ನೋಡಿ ಕೊನೆಯ ಪಂಕ್ತಿಯ ಊಟವನ್ನು ಲೆಕ್ಕ ಹಾಕಿದಂತೆ.

ಎರಡನೆಯ ಪ್ರಶ್ನೆಗೆ, ಅಂದರೆ ತಯಾರಕನ ಲಾಭದ ಪ್ರಶ್ನೆಗೆ, ಆ ದಿನಗಳಲ್ಲಿ ಇನ್ನೂ ಕಡಿಮೆ ಜನ ಗಮನ ಕೊಟ್ಟರು. 2005ರ ಹಣಕಾಸು ವರ್ಷದಲ್ಲಿ ಆಪಲ್ ಮಾರಿದ್ದು ಸುಮಾರು 45 ಲಕ್ಷ ಮ್ಯಾಕ್‌ಗಳನ್ನು. ಅದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಲ್ಯಾಪ್‌ಟಾಪ್‌ಗಳು. ಅದೇ ಹೊತ್ತಿನಲ್ಲಿ ಐಬಿಎಂ ಕೈಯಲ್ಲಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360, ಸೋನಿಯ ಪ್ಲೇಸ್ಟೇಷನ್ 3 ಮತ್ತು ನಿಂಟೆಂಡೊದ ಹೊಸ ಯಂತ್ರ, ಈ ಮೂರರ ಪ್ರೊಸೆಸರ್ ಕೆಲಸವೂ ಇತ್ತು. ಆಟದ ಯಂತ್ರಕ್ಕೆ ಒಮ್ಮೆ ಚಿಪ್ ವಿನ್ಯಾಸ ಮಾಡಿದರೆ ಅದೇ ವಿನ್ಯಾಸ ವರ್ಷಗಟ್ಟಲೆ ಕೋಟಿಗಳ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆಪಲ್ ಕೇಳುತ್ತಿದ್ದದ್ದು ಕಡಿಮೆ ಸಂಖ್ಯೆಯಲ್ಲಿ, ಮೇಲಿಂದ ಮೇಲೆ ಹೊಸದಾಗುವ ಚಿಪ್; ಅದರಲ್ಲೂ ಲ್ಯಾಪ್‌ಟಾಪಿಗೆಂದೇ ಕಡಿಮೆ ವಿದ್ಯುತ್ತಿನ ಪ್ರತ್ಯೇಕ ತಳಿ. ಯಾವ ವ್ಯಾಪಾರಿ ಇದಕ್ಕೆ ತನ್ನ ಒಳ್ಳೆಯ ಎಂಜಿನಿಯರುಗಳನ್ನು ಕೂಡಿಸುತ್ತಾನೆ? ಎಕ್ಸ್‌ಬಾಕ್ಸ್ 360ಕ್ಕೆ ಆಟ ಬರೆಯುವವರಿಗೆ ಮೈಕ್ರೋಸಾಫ್ಟ್ ಮೊದಮೊದಲು ಕೊಟ್ಟದ್ದು ಆಪಲ್‌ನ ಪವರ್ ಮ್ಯಾಕ್ ಜಿ5 ಯಂತ್ರಗಳನ್ನೇ ಎಂಬುದು ಈ ಕಥೆಯ ತಮಾಷೆ. ಜಿ4 ಚಿಪ್ ಮಾಡುತ್ತಿದ್ದ ಮೋಟೊರೋಲಾದ ವಿಭಾಗವೂ 2004ರಲ್ಲಿ ಫ್ರೀಸ್ಕೇಲ್ ಎಂಬ ಬೇರೆ ಕಂಪನಿಯಾಯಿತು. ಅದರ ಮುಖ್ಯ ಗಿರಾಕಿಗಳು ನೆಟ್‌ವರ್ಕ್ ಉಪಕರಣ ಮತ್ತು ಕಾರು ತಯಾರಕರು. ಅಕ್ಟೋಬರ್ 2005ರ ಕೊನೆಯ ಪವರ್‌ಬುಕ್ 1.67 ಗಿಗಾಹರ್ಟ್ಸ್‌ನ ಜಿ4 ಚಿಪ್‌ನಲ್ಲೇ, ಚಿಪ್‌ಗೂ ಮೆಮೊರಿಗೂ ನಡುವಿನ ದಾರಿಯಾದ ಬಸ್ಸನ್ನು ಕೇವಲ 167 ಮೆಗಾಹರ್ಟ್ಸ್‌ನಲ್ಲೇ ಇಟ್ಟುಕೊಂಡು ಬಂತು.

2005ರ ಮೇ ತಿಂಗಳಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಆಪಲ್ ಇಂಟೆಲ್ ಜೊತೆ ಮಾತುಕತೆಯಲ್ಲಿದೆ ಎಂದು ಬರೆದಾಗ ನಂಬಿದವರು ಕಡಿಮೆ. ಐಬಿಎಂ, ಸೋನಿ, ತೋಷಿಬಾ ಸೇರಿ ಮಾಡಿದ ಸೆಲ್ ಚಿಪ್ ಬರುತ್ತದೆ ಎಂದು ವಾದಿಸಿದವರಿದ್ದರು. ಒಂದು ಸಾಮಾನ್ಯ ಕೋರ್‌ನ ಸುತ್ತ ಎಂಟು ಪುಟ್ಟ ವಿಶೇಷ ಕೋರ್‌ಗಳನ್ನು ಜೋಡಿಸಿದ ಆ ಚಿಪ್ ಕಾಗದದ ಮೇಲೆ ಬೆರಗು ಹುಟ್ಟಿಸುತ್ತಿತ್ತು. ಆದರೆ ಅದರ ಹುಟ್ಟೇ ಗೋಡೆಯ ಸಾಕೆಟ್ಟಿಗೆ ಚುಚ್ಚಿ ಓಡಿಸುವ ಆಟದ ಯಂತ್ರಕ್ಕಾಗಿ. ಜೂನ್ 6ರಂದು ಜಾಬ್ಸ್ ಇಂಟೆಲ್ ಆಯ್ಕೆಯನ್ನು ಘೋಷಿಸಿದರು. ಅವರು ಕೊಟ್ಟ ಮುಖ್ಯ ಕಾರಣ ಗಿಗಾಹರ್ಟ್ಸ್ ಆಗಿರಲಿಲ್ಲ. ಒಂದು ವ್ಯಾಟ್‌ಗೆ ಸಿಗುವ ಕೆಲಸ ಪವರ್‌ಪಿಸಿಯ ಮುಂದಿನ ಯೋಜನೆಯಲ್ಲಿ 15 ಆದರೆ ಇಂಟೆಲ್‌ನದರಲ್ಲಿ 70 ಎಂಬ ಪಟ್ಟಿಯನ್ನು ಪರದೆಯ ಮೇಲೆ ತೋರಿಸಿದರು. ಐದು ವರ್ಷಗಳಿಂದ ಮ್ಯಾಕ್ ನಡೆಸುವ ಮೂಲ ತಂತ್ರಾಂಶವಾದ ಮ್ಯಾಕ್ ಓಎಸ್ ಹತ್ತರ ಪ್ರತಿ ಆವೃತ್ತಿಯನ್ನೂ ಗುಟ್ಟಾಗಿ ಇಂಟೆಲ್ ಚಿಪ್‌ಗೂ ಸಿದ್ಧಪಡಿಸುತ್ತ ಬಂದಿದ್ದೇವೆ ಎಂದೂ ತಿಳಿಸಿದರು. ಕಡಿಮೆ ವಿದ್ಯುತ್ತಿನ ಜಿ5 ತಳಿಯನ್ನು ಐಬಿಎಂ ಪ್ರಕಟಿಸಿದ್ದು ಇದಾಗಿ ಒಂದು ತಿಂಗಳ ಮೇಲೆ.

ದಿನಾಂಕದ ಊಹೆ ಮಾತ್ರ ಎಲ್ಲರದೂ ತಪ್ಪಿತು. ಅಗ್ಗದ ಮ್ಯಾಕ್‌ಗಳು 2006ರ ಮಧ್ಯದಲ್ಲಿ, ದುಬಾರಿಯವು 2007ರ ಮಧ್ಯದಲ್ಲಿ ಇಂಟೆಲ್‌ಗೆ ಬದಲಾಗುತ್ತವೆ ಎಂದು ಸಿನೆಟ್ ಸುದ್ದಿತಾಣ ಬರೆದಿತ್ತು. ನಡೆದದ್ದು ಬೇರೆ. ಮೊದಲ ಮ್ಯಾಕ್‌ಬುಕ್ ಪ್ರೊ 2006ರ ಜನವರಿಯಲ್ಲೇ ಪ್ರಕಟವಾಯಿತು, ಆಗಸ್ಟ್ ಹೊತ್ತಿಗೆ ಇಡೀ ಸಾಲು ಬದಲಾಗಿತ್ತು. ಆತುರಪಟ್ಟು ಕೊಂಡವರಿಗೆ ಒಂದು ನಷ್ಟವಾಯಿತು. ಆ ಮೊದಲ ಯಂತ್ರದ ಕೋರ್ ಡ್ಯೂಯೊ ಚಿಪ್ ಹಳೆಯ ಬಗೆಯ 32 ಬಿಟ್‌ನದು. 64 ಬಿಟ್‌ನ ಕೋರ್ 2 ಡ್ಯೂಯೊ ಅದೇ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಪ್ರೊಗೆ ಬಂತು. 2011ರಲ್ಲಿ ಮ್ಯಾಕ್ ಓಎಸ್‌ನ ಲಯನ್ ಆವೃತ್ತಿ ಬಂದಾಗ ಜನವರಿಯ ಯಂತ್ರಕ್ಕೆ ಅದು ಹಿಡಿಸಲಿಲ್ಲ, ಅಕ್ಟೋಬರ್‌ನದಕ್ಕೆ ಹಿಡಿಸಿತು.

ಹದಿನೈದು ವರ್ಷದೊಳಗೆ ಅದೇ ಎರಡು ಪ್ರಶ್ನೆಗಳು ಇಂಟೆಲ್ ಮುಂದೆ ಬಂದು ನಿಂತವು. 2015ರಲ್ಲಿ ಆಪಲ್ 12 ಅಂಗುಲದ, ಒಂದು ಕಿಲೋಗೂ ಕಡಿಮೆ ತೂಕದ, ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ತಂದಿತು. ನನ್ನ ದೃಷ್ಟಿಯಲ್ಲಿ ಅದು ತನಗೆ ಬೇಕಾದ ಚಿಪ್ ಹುಟ್ಟುವ ಮೊದಲೇ ಹುಟ್ಟಿದ ಪೆಟ್ಟಿಗೆ. ಸುಮಾರು 5 ವ್ಯಾಟ್‌ನಲ್ಲಿ ಇಂಟೆಲ್‌ನ ಕೋರ್ ಎಂ ಕೊಡಬಲ್ಲದ್ದು ಅದಕ್ಕೆ ಸಾಲಲಿಲ್ಲ, 2019ರಲ್ಲಿ ಅದನ್ನು ಕೈಬಿಟ್ಟರು. 2016ರ ಮ್ಯಾಕ್‌ಬುಕ್ ಪ್ರೊ 16 ಜಿಬಿ ಮೆಮೊರಿಗೆ ನಿಂತಾಗ ಬಹಳ ಮಂದಿ ಆಪಲ್ ಜಿಪುಣತನ ಎಂದು ಬೈದರು. ವಾಸ್ತವದಲ್ಲಿ ಆ ಇಂಟೆಲ್ ಚಿಪ್‌ಗಳು ಕಡಿಮೆ ವಿದ್ಯುತ್ತಿನ ಹೊಸ ಬಗೆಯ ಮೆಮೊರಿಯನ್ನು ಒಪ್ಪುತ್ತಿರಲಿಲ್ಲ. 2018ರಲ್ಲಿ 32 ಜಿಬಿ ಕೊಟ್ಟದ್ದು ಹೆಚ್ಚು ವಿದ್ಯುತ್ತು ಎಳೆಯುವ ಮೆಮೊರಿ ಹಾಕಿ, ಬ್ಯಾಟರಿಯನ್ನೂ ದೊಡ್ಡದು ಮಾಡಿ. ಬ್ಯಾಟರಿಯನ್ನು ಮನಬಂದಂತೆ ಬೆಳೆಸುವಂತೆಯೂ ಇಲ್ಲ. 100 ವ್ಯಾಟ್-ಗಂಟೆ ದಾಟಿದರೆ ವಿಮಾನದಲ್ಲಿ ಒಯ್ಯಲು ವಿಮಾನ ಸಂಸ್ಥೆಯ ಅನುಮತಿ ಬೇಕಾಗುತ್ತದೆ. 2019ರ 16 ಅಂಗುಲದ ಮ್ಯಾಕ್‌ಬುಕ್ ಪ್ರೊ ಆ ಮಿತಿಯ ಅಂಚಿಗೇ ಬಂದು ನಿಂತಿತ್ತು. ಜೊತೆಗೆ ಚಿಪ್‌ನ ಭಾಗಗಳನ್ನು ಇನ್ನಷ್ಟು ಚಿಕ್ಕದಾಗಿ ಮೂಡಿಸುವ ಇಂಟೆಲ್‌ನ 10 ನ್ಯಾನೊಮೀಟರ್ ತಯಾರಿಕೆ ವರ್ಷದಿಂದ ವರ್ಷಕ್ಕೆ ಮುಂದೂಡಿಕೆಯಾಗುತ್ತಿತ್ತು.

ಹೀಗಾಗಿ 2018ರ ಏಪ್ರಿಲ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ, 2020ರಷ್ಟು ಬೇಗ ಮ್ಯಾಕ್‌ಗಳಿಗೆ ಆಪಲ್‌ನದೇ ಚಿಪ್ ಬರಬಹುದು ಎಂದು ಬರೆದಾಗ ಶಾಖದ ಲೆಕ್ಕ ಬಲ್ಲವರಿಗೆ ಅದು ಅಸಂಭವವೆನಿಸಲಿಲ್ಲ. ಫೋನಿನ ಚಿಪ್ ಕಂಪ್ಯೂಟರಿಗೆ ಸಾಲದು ಎಂಬ ವಾದ ಜೋರಾಗಿತ್ತು. ಆದರೆ ಫ್ಯಾನ್ ಇಲ್ಲದ ಐಪ್ಯಾಡಿನಲ್ಲಿ ಕೆಲವೇ ವ್ಯಾಟ್‌ನಲ್ಲಿ ದುಡಿಯುವ ಚಿಪ್ ಆಗಲೇ ಕಣ್ಣೆದುರಿಗಿತ್ತು, ಮತ್ತು ಇಲ್ಲಿ ತಯಾರಕನ ಲಾಭವೂ ಆಪಲ್‌ನ ಲಾಭವೂ ಒಂದೇ ಆಗಿದ್ದವು. ಆ ಚಿಪ್ ತಂಡದ ಬೇರು ಎಲ್ಲಿದೆ ಎಂಬುದೂ ಸ್ವಾರಸ್ಯಕರವಾದದ್ದು. ಕಡಿಮೆ ವಿದ್ಯುತ್ತಿನ ಪವರ್‌ಪಿಸಿ ಮಾಡುತ್ತಿದ್ದ ಪಿ.ಎ. ಸೆಮಿ ಎಂಬ ಪುಟ್ಟ ಕಂಪನಿಯ ಚಿಪ್ ಮ್ಯಾಕ್‌ನ ಒಳಗೆ ಬರಲೇ ಇಲ್ಲ. 2008ರಲ್ಲಿ ಆಪಲ್ ಆ ಕಂಪನಿಯನ್ನೇ ಕೊಂಡುಕೊಂಡಿತು. 2020ರ ನವೆಂಬರ್‌ನಲ್ಲಿ ಬಂದ, ಆಪಲ್‌ನದೇ ಎಂ1 ಚಿಪ್‌ನ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಬದಲು ಒಂದು ಅಲ್ಯೂಮಿನಿಯಂ ತಗಡು ಮಾತ್ರ ಇತ್ತು. ದೀರ್ಘ ಪರೀಕ್ಷೆಯಲ್ಲಿ ಅದರ ಗೆರೆಯೂ ಇಳಿಯುತ್ತದೆ, ಆದರೆ ಇಳಿದು ನಿಲ್ಲುವ ಜಾಗ ಸಾಕಷ್ಟು ಎತ್ತರದಲ್ಲಿದೆ.

ಈಗಿನ ವದಂತಿಗಳನ್ನು ತೂಗುವಾಗ ನಾನು ಹೆಚ್ಚು ಬೆಲೆ ಕೊಡುವುದು ಚಿಪ್ ಅಚ್ಚು ಹಾಕುವ ಕಾರ್ಖಾನೆಯ ವೇಳಾಪಟ್ಟಿಗೆ. ಎಂ2 ಪ್ರೊ ಚಿಪ್ 3 ನ್ಯಾನೊಮೀಟರ್‌ನಲ್ಲಿ ಬರುತ್ತದೆ ಎಂಬ ಸುದ್ದಿ 2022ರಲ್ಲಿ ಬಲವಾಗಿ ಹಬ್ಬಿತ್ತು. ತೈವಾನಿನ ಟಿಎಸ್‌ಎಂಸಿ ಆ ತಯಾರಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಶುರುಮಾಡಿದ್ದೇವೆಂದು ಸಾರಿದ್ದು ಆ ಡಿಸೆಂಬರ್ ಕೊನೆಗೆ. ಜನವರಿ 2023ರಲ್ಲಿ ಅಂಗಡಿಗೆ ಬರುವ ಲ್ಯಾಪ್‌ಟಾಪಿನಲ್ಲಿ ಅದು ಇರುವುದು ಸಾಧ್ಯವಿರಲಿಲ್ಲ, ಇರಲೂ ಇಲ್ಲ. 3 ನ್ಯಾನೊಮೀಟರ್ ಮ್ಯಾಕ್‌ಗೆ ಬಂದದ್ದು ಅಕ್ಟೋಬರ್ 2023ರ ಎಂ3 ಜೊತೆಗೆ. ಇನ್ನೊಂದು ನಂಬಲರ್ಹ ಸುಳಿವು ಕಂಪನಿಯ ಸ್ವಂತ ಸಾಫ್ಟ್‌ವೇರ್. 2019ರ ಕ್ಯಾಟಲಿನಾ ಆವೃತ್ತಿ 32 ಬಿಟ್ ತಂತ್ರಾಂಶಗಳನ್ನು ಹೊರಹಾಕಿದ್ದು ಮರುವರ್ಷದ ಚಿಪ್ ಬದಲಾವಣೆಗೆ ನೆಲ ಹಸನು ಮಾಡಿದಂತೆಯೇ ಇತ್ತು. ಬೆಲೆ, ಬಣ್ಣ, ಬಿಡುಗಡೆಯ ವಾರ ಇತ್ಯಾದಿಗಳ ಸುದ್ದಿಗೆ ನನ್ನ ಲೆಕ್ಕದಲ್ಲಿ ಹೆಚ್ಚು ತೂಕವಿಲ್ಲ.

ಕಾಯಬೇಕೋ ಬೇಡವೋ ಎನ್ನುವವರಿಗೆ ನನ್ನ ಉತ್ತರ, ಈಗಿನ ಯಂತ್ರದಲ್ಲಿ ಕೆಲಸ ನಿಂತಿದ್ದರೆ ಕಾಯಬೇಡಿ ಎಂಬುದು. ಎಂ ಸರಣಿಯ ಒಂದು ಪೀಳಿಗೆಗೂ ಮುಂದಿನದಕ್ಕೂ ಇರುವ ಅಂತರ ಪವರ್‌ಪಿಸಿಯಿಂದ ಇಂಟೆಲ್‌ಗೆ ಇದ್ದಂಥದ್ದಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಇಂಟೆಲ್ ಮ್ಯಾಕ್‌ಬುಕ್ ಅಗ್ಗವಾಗಿ ಸಿಗುತ್ತದೆಂದು ಹೊರಡುವವರು ಮಾತ್ರ ಒಂದು ವಿಷಯ ತಿಳಿದಿರಬೇಕು, ಮತ್ತು ಇದು ವದಂತಿಯಲ್ಲ. ಮ್ಯಾಕ್ ಓಎಸ್‌ನ 2025ರ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದು ಎಂದು ಆಪಲ್ ಪ್ರಕಟಿಸಿದೆ, ಅದೂ ಲ್ಯಾಪ್‌ಟಾಪ್‌ಗಳ ಪೈಕಿ 2019ರ 16 ಅಂಗುಲದ ಮ್ಯಾಕ್‌ಬುಕ್ ಪ್ರೊ ಮತ್ತು 2020ರ ನಾಲ್ಕು ಥಂಡರ್‌ಬೋಲ್ಟ್ ಪೋರ್ಟಿನ 13 ಅಂಗುಲದ ಮ್ಯಾಕ್‌ಬುಕ್ ಪ್ರೊ, ಇವೆರಡಕ್ಕೆ ಮಾತ್ರ ಹಿಡಿಸುತ್ತದೆ. ಅಂಗಡಿಯವರು ಇಂಟೆಲ್ ಚಿಪ್‌ನ 2020ರ ಮ್ಯಾಕ್‌ಬುಕ್ ಏರ್ ತೋರಿಸಿದರೆ ಅದು ಈ ಪಟ್ಟಿಯಲ್ಲಿಲ್ಲ. ಅದೇ ವರ್ಷದ ಎಂ1 ಏರ್ ಇದೆಯೇ ಎಂದು ಕೇಳಿ.