ಉಂಗ್ರದ ಮಡ್ ಬ್ಲಾಕ್ ಹಳ್ಳಿಯಲ್ಲಿ ಏಕೆ ನೆಲೆಯೂರಲಿಲ್ಲ?

ಆಶ್ರಯ ಮನೆಗೆ ಯಾವ ಗೋಡೆ ಎಂಬ ಮಾತು ತುಮಕೂರು ಜಿಲ್ಲೆಯಲ್ಲಿ ಎದ್ದಾಗ ಮಡ್ ಬ್ಲಾಕಿನ, ಅಂದರೆ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆಯ ಹೆಸರೂ ಬರುತ್ತದೆ. "ಮಣ್ಣು ಮಳೆಗೆ ಕರಗುತ್ತೆ" ಎಂದು ಯಾರೋ ಒಬ್ಬರು ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಈ ಬ್ಲಾಕ್ ಹದಕ್ಕೆ ಬಂದದ್ದು ಇದೇ ಜಿಲ್ಲೆಯ ಮಣ್ಣಿನಲ್ಲಿ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಮುದ್ದೆ ಗೋಡೆ, ಹಸಿ ಇಟ್ಟಿಗೆ, ಮಣ್ಣಿನ ಮಾಳಿಗೆ ತಲೆಮಾರುಗಟ್ಟಲೆ ನಡೆದವು. ಆಮೇಲೆ ಗೂಡಿನ ಇಟ್ಟಿಗೆ, ಸಿಮೆಂಟು, ಶೀಟು ಬಂದವು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ, ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗೆ ಒಯ್ಯುವ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಕ್ಷೇತ್ರ ಕೇಂದ್ರವಾಯಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ಮಣ್ಣನ್ನು ಒತ್ತುವ ಕೈಯಂತ್ರವನ್ನೂ ಮಿಶ್ರಣದ ಲೆಕ್ಕವನ್ನೂ ತಿದ್ದಿ ತೀಡಿದರು.

ಆ ಲೆಕ್ಕ ಕಟ್ಟುನಿಟ್ಟು. ಬೇರು, ಗೊಬ್ಬರ ಬೆರೆತ ಮೇಲ್ಮಣ್ಣನ್ನು ತೆಗೆದು ಅಡಿಯ ಕೆಂಪು ಮಣ್ಣನ್ನು ಜರಡಿ ಹಿಡಿಯಬೇಕು. ಜೇಡಿ ಹೆಚ್ಚಾದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಬೆರೆಸಿ, ಜೇಡಿಯನ್ನು ಶೇ. 10–15ಕ್ಕೆ ಇಳಿಸಬೇಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಅದಕ್ಕೆ ಬರೀ ಸಿಮೆಂಟ್ ಸಾಲದು, ಸುಣ್ಣ ಬೇಕು. ನೂರು ಕೆ.ಜಿ. ಮಣ್ಣಿಗೆ ಏಳು ಕೆ.ಜಿ. ಸಿಮೆಂಟ್ ಹಾಕಿದರೆ ಒಂದು ಮೂಟೆ ಸಿಮೆಂಟಿಗೆ ತೊಂಬತ್ತರ ಮೇಲೆ ಬ್ಲಾಕ್ ಬರುತ್ತವೆ. ನೀರಿನ ಹದ ನೋಡಲು ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಬಿಡುತ್ತಾರೆ. ನಾಲ್ಕೈದು ಚೂರಾದರೆ ಹದ, ಪುಡಿಯಾದರೆ ನೀರು ಸಾಲದು, ಉಂಡೆಯಾಗಿಯೇ ಉಳಿದರೆ ನೀರು ಜಾಸ್ತಿ.

ಹೆಚ್ಚು ಎಡವುವುದು ಯಂತ್ರದ ಪೆಟ್ಟಿಗೆ ತುಂಬುವಾಗ. ಒತ್ತಿದ ಬ್ಲಾಕಿನ ಅಳತೆ ಯಾವಾಗಲೂ ಒಂದೇ. ಗಟ್ಟಿತನ ಒಳಗೆ ಬಿದ್ದ ಮಣ್ಣಿನ ತೂಕದ್ದು. 230×190×100 ಮಿ.ಮೀ. ಬ್ಲಾಕಿಗೆ ಸುಮಾರು 8.7 ಕೆ.ಜಿ. ಹಸಿ ಮಿಶ್ರಣ ಬೇಕು. ತಕ್ಕಡಿ ಬಿಟ್ಟು ಬಾಣಲಿಯ ಅಂದಾಜಿಗೆ ಇಳಿದರೆ ಬ್ಲಾಕ್ ಹಗುರಾಗಿ ಅಂಚು ಉದುರುತ್ತದೆ. ಹುಲ್ಲು ಹೊದಿಸಿ ಮೂರು ವಾರ ನೀರು ಚಿಮುಕಿಸದಿದ್ದರೆ ಹಾಕಿದ ಸಿಮೆಂಟ್ ದಂಡ. "ಕರಗಿತು" ಎನ್ನುವ ಗೋಡೆಗಳ ಹಿಂದೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಇರುತ್ತದೆ. ಇಲ್ಲವೇ ಸೂರು ಗಿಡ್ಡ, ಪಾಯ ತಗ್ಗು, ನೆಲಕ್ಕೆ ಬಿದ್ದ ಮಳೆಹನಿ ಸಿಡಿದು ಗೋಡೆಯ ಬುಡ ಕೊರೆದಿರುತ್ತದೆ.

1982ರ ಭಾರತೀಯ ಮಾನಕ 1725 ಈ ಬಗೆಯ ಬ್ಲಾಕಿಗೇ ಇರುವಂಥದ್ದು, 2013ರಲ್ಲಿ ಪರಿಷ್ಕರಣೆಯಾಯಿತು. 'ಅಸ್ತ್ರ' ಸುಸ್ಥಿರ ತಂತ್ರಜ್ಞಾನ ಕೇಂದ್ರವಾಯಿತು. ಗೂಡಿಲ್ಲ, ಸೌದೆಯಿಲ್ಲ, ಸುಟ್ಟ ಇಟ್ಟಿಗೆಯ ಗೋಡೆಗೆ ಬೇಕಾಗುವುದರಲ್ಲಿ ಅರ್ಧದಷ್ಟು ಇಂಧನವೂ ಖರ್ಚಾಗದು. ಈ ಗುಣವನ್ನು ಮೆಚ್ಚಿ ಬೆಂಗಳೂರಿನವರು ಗೋಡೆಯ ಮೇಲೆ ಗಾರೆ ಬಳಿಯದ ಮಡ್ ಬ್ಲಾಕ್ ಮನೆ ಕಟ್ಟಿಸಿಕೊಂಡರು.

ಹಳ್ಳಿಯಲ್ಲಿ ಲೆಕ್ಕ ಬೇರೆ. ಒಂದು ಮನೆಗೆಂದು ಯಂತ್ರ ಕೊಳ್ಳಲಾಗದು, ಪಳಗಿದ ಆಳುಗಳನ್ನು ಕೂಡಿಸಬೇಕು, ಬೇಸಿಗೆಯಲ್ಲಿ ಕ್ಯೂರಿಂಗಿಗೆ ನೀರು ಹೊರಬೇಕು. ವಸತಿ ಯೋಜನೆಯ ಕಂತು ಗೋಡೆ ಎದ್ದ ಮೇಲೆ ಬರುತ್ತದೆ. ಬ್ಲಾಕ್ ಹಣ್ಣಾಗಲಿ ಎಂದು ಮೂರು ವಾರ ಕಾಯುವ ತ್ರಾಣ ಕೂಲಿಯವರಿಗೆ ಇರುವುದಿಲ್ಲ. ಪಂಚಾಯಿತಿ ಮಟ್ಟದಲ್ಲಿ ಒಂದು ಯಂತ್ರ, ಒಂದು ತಕ್ಕಡಿ, ಮುಂಚಿತವಾಗಿ ಮಾಡಿಟ್ಟ ಬ್ಲಾಕಿನ ದಾಸ್ತಾನು ಇದ್ದಿದ್ದರೆ ಈ ತೊಡಕಿನ ಬಹುಪಾಲು ಬಿಡಿಸಬಹುದಿತ್ತು.

ಈಗ ಮಡ್ ಬ್ಲಾಕ್ ಕೊಳ್ಳುವವರು ಲೋಡ್ ಇಳಿಸುವ ಮುನ್ನ ಪೂರ್ತಿ ಒಣಗಿದ ಒಂದನ್ನು ತೂಗಿ ನೋಡಲಿ. ಮೇಲೆ ಹೇಳಿದ ಅಳತೆಯದಾದರೆ 7.8 ಕೆ.ಜಿ. ಆಸುಪಾಸು ಇರಬೇಕು. ಅದನ್ನೇ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಅಂಚನ್ನು ಹೆಬ್ಬೆರಳಿಂದ ಉಜ್ಜಿದಾಗ ಮಣ್ಣು ಬಿಟ್ಟುಕೊಂಡರೆ ಲೋಡ್ ವಾಪಸ್ ಕಳಿಸಬೇಕು.