ಯಿಡ್ಡಿಷ್ ಕುಣಿತ ಮತ್ತೆ ಶುರುವಾಗಿದ್ದು ಹೆಂಗೆ

ಯಿಡ್ಡಿಷ್ ಅಂದ್ರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು, ಎರಡನೇ ಮಹಾಯುದ್ಧಕ್ಕೆ ಮುಂಚೆ ಸುಮಾರು 1 ಕೋಟಿ 10 ಲಕ್ಷ ಜನ ಆಡ್ತಿದ್ದ ಭಾಷೆ. ಅವರ ಕುಣಿತ ಸ್ಟೇಜಿಂದಲ್ಲ, ಮದುವೆಮನೇದು. ಕ್ಲೆಜ್ಮರ್ ಅನ್ನೋ ವಾದ್ಯದವರು ಪಿಟೀಲು, ಕ್ಲಾರಿನೆಟ್ ನುಡಿಸ್ತಿದ್ರೆ ಸುತ್ತುಕಟ್ಟಿ ಕುಣಿಯೋದು ಫ್ರೇಲೆಖ್ಸ್, ನಾಲ್ಕು ಜೋಡಿ ಎದುರುಬದುರು ನಿಂತು ಜಾಗ ಬದಲಾಯಿಸ್ತಾ ಕುಣಿಯೋದು ಶೆರ್, ಅಂದ್ರೆ ಕತ್ತರಿ. ನಂಗಂತೂ ತುಂಬಾ ಇಷ್ಟ ಆಗಿದ್ದು ಬ್ರೋಯ್ಗೆಜ್ ತಂತ್ಸ್, ಮುನಿಸಿನ ಕುಣಿತ. ಬೀಗಿತ್ತೀರಿಬ್ರು ಸೇರ್ಕೊಂಡು, ಒಬ್ಬಳು ಮುಖ ತಿರುಗಿಸ್ಕೊಂಡು ಹೋಗೋದು, ಇನ್ನೊಬ್ಬಳು ಹಿಂದೆಹಿಂದೆ ಹೋಗಿ ರಮಿಸೋದು, ಕೊನೆಗೆ ರಾಜಿಯಾಗಿ ಇಬ್ರೂ ಒಟ್ಟಿಗೆ ಕುಣಿಯೋದು. ಬೀಗರ ಮುನಿಸು ಏನು ಅಂತ ನಮ್ಮೋರಿಗೆ ಬಿಡಿಸಿ ಹೇಳೋದು ಬೇಡ ಬಿಡಿ.

ಈ ಕುಣಿತ ಮರೆಯಾಗಿ ಹೋಗಿದ್ದು ಹೆಂಗೆ ಅಂದ್ರೆ, ಒಂದೇ ಏಟಿಗೆ ಹೋಗಿದ್ದಲ್ಲ. 1880ರ ದಶಕದಿಂದ 1924ರವರೆಗೆ 20 ಲಕ್ಷಕ್ಕೂ ಹೆಚ್ಚು ಯಹೂದಿಗಳು ಅಮೆರಿಕಕ್ಕೆ ಹೋದ್ರು, ಮಕ್ಕಳ ಕಾಲಕ್ಕೆ ಅಪ್ಪ ಅಮ್ಮನ ಕುಣಿತ ಹಳೇ ಊರಿನದು ಅನ್ನಿಸ್ತು. ಆಮೇಲೆ ನಾಜಿಗಳು 60 ಲಕ್ಷ ಯಹೂದಿಗಳನ್ನ ಕೊಂದರು, ಅವರಲ್ಲಿ ಬಹುಪಾಲು ಯಿಡ್ಡಿಷ್ ಆಡೋರೇ, ಅಂದ್ರೆ ಕುಣಿಯೋ ಊರುಗಳೇ ಖಾಲಿ. ಪ್ಯಾಲೆಸ್ಟೈನ್‌ಗೆ ಹೋದೋರು ಯಿಡ್ಡಿಷ್ ಬಿಟ್ಟು ಹೀಬ್ರೂ ಭಾಷೆ ಹಿಡಿದ್ರು, ಅದಕ್ಕೆ ತಕ್ಕಂಗೆ ಹೊಸ ಕುಣಿತಾನೇ ಕಟ್ಟಿದ್ರು, 1944ರಲ್ಲಿ ದಾಲಿಯಾ ಅನ್ನೋ ಕಿಬ್ಬುತ್ಸ್‌ನಲ್ಲಿ, ಅಂದ್ರೆ ಎಲ್ರೂ ಒಟ್ಟಿಗೆ ದುಡಿದು ಬದುಕೋ ಹಳ್ಳೀಲಿ, ಅದಕ್ಕೆ ದೊಡ್ಡ ಮೇಳಾನೂ ಆಯ್ತು. ಸೋವಿಯತ್ ಕಡೆ ಈ ರಾಗಗಳನ್ನ ಸಂಗ್ರಹಿಸ್ತಿದ್ದ ಮೋಯ್ಷೆ ಬೆರೆಗೋವ್‌ಸ್ಕಿಯನ್ನ 1950ರಲ್ಲಿ ಅರೆಸ್ಟ್ ಮಾಡಿದ್ರು.

1970ರ ದಶಕದಲ್ಲಿ ಅಮೆರಿಕದ ಹುಡುಗರು ಹಳೇ 78 ಸ್ಪೀಡಿನ ಗ್ರಾಮಫೋನ್ ಪ್ಲೇಟು ಹುಡುಕಿ ಕೇಳಿ ಕೇಳಿ ಕ್ಲೆಜ್ಮರ್ ಸಂಗೀತ ಕಲಿತರು, ಬರ್ಕ್ಲಿಯ 'ಕ್ಲೆಜ್ಮೊರಿಮ್' ಬ್ಯಾಂಡ್ ಶುರುವಾಗಿದ್ದು 1975ರಲ್ಲಿ. ತಮಾಷೆ ಅಂದ್ರೆ ಸಂಗೀತ ವಾಪಸ್ ಬಂತು ಆದ್ರೆ ಅದಕ್ಕೆ ಕುಣಿಯೋದು ಹೆಂಗೆ ಅಂತ ಗೊತ್ತಿರೋರು ಇಲ್ಲ, ಪ್ಲೇಟಲ್ಲಿ ಕಾಲು ಕಾಣಲ್ವಲ್ಲ, ಅದೂ ಒಂದೊಂದು ಬದಿ ಮೂರು ನಿಮಿಷಕ್ಕೆ ಮುಗಿಯೋ ಪ್ಲೇಟು, ಮದುವೇಲಿ ಶೆರ್ ಎಷ್ಟೋ ಹೊತ್ತು ನಡೀತಿತ್ತು. ಹಂಗಾಗಿ ವಯಸ್ಸಾದವರನ್ನ ಹುಡುಕ್ಕೊಂಡು ಹೋಗ್ಬೇಕಾಯ್ತು. ಮೈಕೆಲ್ ಆಲ್ಪರ್ಟ್ ಅನ್ನೋ ಗಾಯಕ ಉಕ್ರೇನಿಂದ ಬಂದಿದ್ದ ಬ್ರೋನ್ಯಾ ಸಾಕಿನಾ ಹತ್ರ ಕಲಿತಿದ್ದು ಹಿಂಗೇ. 1985ರಲ್ಲಿ ಹೆನ್ರಿ ಸಪೋಜ್ನಿಕ್ ಶುರು ಮಾಡಿದ ಕ್ಲೆಜ್‌ಕ್ಯಾಂಪ್ ಅನ್ನೋ ಶಿಬಿರದಲ್ಲಿ ವಾದ್ಯದ ಜೊತೆ ಕುಣಿತಾನೂ ಕಲಿಸಿದ್ರು, ಆಮೇಲೆ ಕೆನಡಾ, ಜರ್ಮನಿಯ ವೈಮಾರ್‌ವರೆಗೂ ಹಬ್ಬಿತು. ನ್ಯೂಯಾರ್ಕಿನ ತಂತ್ಸ್‌ಹೋಯ್ಜ್ ಅನ್ನೋ ಕುಣಿತದ ಸಂಜೆಗಳಿಗೆ ಮಾದರಿ 1972ರಲ್ಲಿ ಬುಡಾಪೆಸ್ಟ್‌ನಲ್ಲಿ ಶುರುವಾದ 'ತಾಂತ್ಸ್‌ಹಾಜ್', ಅಂದ್ರೆ ಕುಣಿತದ ಮನೆ.

ಕಾಲಿನ ಸ್ಟೆಪ್ಪು ಸಿಂಪಲ್ಲೇ, ಕಷ್ಟ ಇರೋದು ಭುಜ, ಕೈ, ಬೆರಳಲ್ಲಿ, ಅದು ನೋಡಿ ನೋಡಿನೇ ಬರ್ಬೇಕು. ಇನ್ನು ಹಸಿದಿಕ್ ಅನ್ನೋ ಕಟ್ಟಾ ಸಂಪ್ರದಾಯದ ಯಹೂದಿಗಳು ಕುಣಿಯೋದನ್ನ ಬಿಟ್ಟೇ ಇರ್ಲಿಲ್ಲ, ಆದ್ರೆ ಅಲ್ಲಿ ಗಂಡಸರು ಹೆಂಗಸರು ಬೇರೆಬೇರೆ, ಮದುವೇಲಿ ಮದುಮಗಳ ಎದುರು ಕುಣಿಯೋ ಮಿತ್ಸ್ವೆ ತಂತ್ಸ್‌ನಲ್ಲಿ ಮದುಮಗ, ಅಪ್ಪನಂಥ ಹತ್ತಿರದವರನ್ನ ಬಿಟ್ಟು ಬೇರೆ ಗಂಡಸು ಅವಳ ಕೈ ಹಿಡಿಯಲ್ಲ, ಇಬ್ರ ಮಧ್ಯೆ ಒಂದು ಬಟ್ಟೆ. ಎಲ್ರೂ ಕೈಕೈ ಹಿಡ್ಕೊಂಡು ಸುತ್ತೋ ತಂತ್ಸ್‌ಹೋಯ್ಜ್ ಸಂಜೆಗೆ ಅವರು ಬರೋದು ಕಷ್ಟಾನೇ.