ಹಣ್ಣಿನ ಸಿಹಿ, ಹಳ್ಳದ ಉಸಿರು

ಕಾಫಿ ತೋಟದಲ್ಲಿ ಬೆಳೆದವರು ಹಣ್ಣು ಚೀಪದೆ ಇರುವುದಿಲ್ಲ. ಕೆಂಪು ಹಣ್ಣನ್ನು ಹಲ್ಲಲ್ಲಿ ಒತ್ತಿದರೆ ಎರಡು ಬೀಜ ಜಾರಿ ನಾಲಿಗೆ ಮೇಲೆ ಬೀಳುತ್ತವೆ. ಅವುಗಳ ಸುತ್ತ ಲೋಳೆಯಂಥ ಅಂಟು, ಅದರ ತುಂಬ ಸಿಹಿ. ಮೂಡಿಗೆರೆ, ಸಕಲೇಶಪುರ ಕಡೆಯ ಎಷ್ಟೋ ಹಳ್ಳಗಳು ಕೊಯ್ಲಿನ ಕಾಲದಲ್ಲಿ ಉಸಿರುಗಟ್ಟುವುದು ಈ ಸಿಹಿಯಿಂದಲೇ.

ಹಣ್ಣನ್ನು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸುತ್ತಾರೆ. ಬೀಜವನ್ನು ತೊಟ್ಟಿಯಲ್ಲಿ ಹುದುಗಿಸಿ, ಅಂಟು ಸಡಿಲವಾದ ಮೇಲೆ ತೊಳೆಯುತ್ತಾರೆ. ತೊಳೆದ ನೀರಿನ ಜೊತೆ ಸಕ್ಕರೆಯೂ ಹಳ್ಳಕ್ಕೆ ಹೋಗುತ್ತದೆ. ಇದನ್ನು ವಿಷ ಅಂತ ಕರೆಯುವವರಿದ್ದಾರೆ. ನಿಜ ಹೇಳಬೇಕೆಂದರೆ ಅದು ಊಟ, ಬ್ಯಾಕ್ಟೀರಿಯಾಗಳಿಗೆ ಹಾಕಿದ ಮದುವೆ ಊಟ. ತಿಂದವು ಸಾವಿರವಾಗುತ್ತವೆ, ಸಾವಿರ ಕೋಟಿಯಾಗುತ್ತವೆ. ಅವೂ ಉಸಿರಾಡಬೇಕಲ್ವಾ? ನೀರಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಅವೇ ಎಳೆದುಕೊಳ್ಳುತ್ತವೆ.

ಆ ಆಮ್ಲಜನಕ ಇರುವುದೇ ಚೂರು. ನಮ್ಮ ಮಲೆನಾಡಿನ ಎತ್ತರದಲ್ಲಿ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ತಂಪಾದ ಹಳ್ಳದ ನೀರಲ್ಲಿ ಸುಮಾರು 8 ಮಾತ್ರ. ಕೊಳಕು ನೀರು ಎಷ್ಟು ಆಮ್ಲಜನಕ ಕೇಳುತ್ತದೆ ಅನ್ನುವ ಲೆಕ್ಕಕ್ಕೆ ಬಿಒಡಿ ಅಂತಾರೆ. ಸ್ನಾನಕ್ಕೆ ಯೋಗ್ಯವಾದ ಹೊಳೆಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಪಲ್ಪರ್ ನೀರಲ್ಲಿ ಅದು ಸಾವಿರಗಟ್ಟಲೆ. 5000 ಅಂತಿಟ್ಟುಕೊಳ್ಳಿ. ಅಂಥ ಒಂದು ಲೀಟರ್ ನೀರು 600 ಲೀಟರಿಗೂ ಜಾಸ್ತಿ ಹಳ್ಳದ ನೀರಿನ ಉಸಿರನ್ನು ಬರಿದು ಮಾಡಬಲ್ಲದು. ಹಳ್ಳ ಬಂಡೆ ಮೇಲೆ ಬಿದ್ದು ಎದ್ದು ಗಾಳಿ ಎಳೆದುಕೊಳ್ಳುತ್ತದೆ, ನಿಜ. ಆದರೆ ಕೊಯ್ಲು ಬರುವುದೇ ಹಳ್ಳ ಪಾದ ಮುಳುಗುವಷ್ಟಕ್ಕೆ ಇಳಿದಾಗ.

ಹಾಳಾಗಿದೆಯೋ ಇಲ್ಲವೋ ನೋಡುವುದು ಹೇಗೆ? ಬಾಟಲಿಯಲ್ಲಿ ನೀರು ತುಂಬಿ ಲ್ಯಾಬಿಗೆ ಕಳಿಸಬಹುದು. ಆದರೆ ರಾತ್ರಿ ಬಿಟ್ಟ ನೀರು ಬೆಳಗಾಗುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಬಾಟಲಿಗೆ ಆ ಗಳಿಗೆ ಮಾತ್ರ ಗೊತ್ತು. ಕಲ್ಲಿಗೆ ತಿಂಗಳುಗಳ ಕಥೆ ಗೊತ್ತು.

ಹರಿಯುವ ಜಾಗದಲ್ಲಿ ಒಂದು ಕಲ್ಲು ಎತ್ತಿ, ಮಗುಚಿ, ಒಂದು ನಿಮಿಷ ಸುಮ್ನೆ ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒದ್ದೆ ಕಲ್ಲೇ ಹರಿದಾಡಿದ ಹಾಗೆ ಚಪ್ಪಟೆ ಹುಳವೊಂದು ಓಡುತ್ತದೆ. ಹಿಂದೆ ಕೂದಲಿನಂಥ ಮೂರು ಬಾಲ. ಹೊಟ್ಟೆಯ ಎರಡೂ ಬದಿಗೆ ಪುಟ್ಟ ಪುಟ್ಟ ಎಲೆಗಳ ಹಾಗೆ ಅಲುಗುವ ಕಿವಿರು. ಇದು ಮೇಫ್ಲೈ ಮರಿ. ಪಕ್ಕದಲ್ಲಿ ಮರಳಿನ ಕಾಳುಗಳನ್ನು ಅಂಟಿಸಿ ಕೊಳವೆ ಮನೆ ಕಟ್ಟಿಕೊಂಡ ಕ್ಯಾಡಿಸ್ ಹುಳ ಸಿಕ್ಕರೂ ಸಿಗಬಹುದು. ಇವಕ್ಕೆ ಆಮ್ಲಜನಕ ಚೆನ್ನಾಗಿರಬೇಕು. ಇವು ಇದ್ದರೆ ಹಳ್ಳ ಬದುಕಿದೆ. ಇವೆಲ್ಲ ಮಾಯವಾಗಿ, ಕೆಸರಲ್ಲಿ ದಾರದಂಥ ಕೆಂಪು ಹುಳಗಳೇ ತುಂಬಿದ್ದರೆ ಗಾಬರಿಯಾಗಬೇಕಾದದ್ದೇ. ಅವುಗಳ ಮೈಯಲ್ಲಿ ಹಿಮೊಗ್ಲೋಬಿನ್ ಇದೆ, ಉಸಿರು ಕಮ್ಮಿಯಾದ ನೀರಲ್ಲೂ ಹೇಗೋ ಬದುಕುತ್ತವೆ. ನೀರಿನ ಮೇಲೆ ಜಾರಾಡುವ ಉದ್ದ ಕಾಲಿನ ಹುಳ ನೋಡಿ ಸಮಾಧಾನಪಡಬೇಡಿ. ಅದು ಉಸಿರಾಡುವುದು ಮೇಲಿನ ಗಾಳಿಯನ್ನು.

ಪರಿಹಾರ ಅಂದಕೂಡಲೇ ಎಲ್ಲರೂ ಸುಣ್ಣ ಅನ್ನುತ್ತಾರೆ. ಸುಣ್ಣದಿಂದ ಹುದುಗಿದ ನೀರಿನ ಹುಳಿ ಇಳಿಯುತ್ತದೆ, ಆದರೆ ಕರಗಿದ ಸಕ್ಕರೆ ಹೋಗುವುದಿಲ್ಲ. ಹಾಗಾಗಿ ಸುಣ್ಣ ಹಾಕಿದ ಮೇಲೂ ನೀರನ್ನು ಸೋರದ ತೊಟ್ಟಿಗಳಲ್ಲಿ ನಿಲ್ಲಿಸಿ, ಬ್ಯಾಕ್ಟೀರಿಯಾಗಳ ಊಟ ಅಲ್ಲೇ ಮುಗಿಯಲು ಬಿಡಬೇಕು. ಹಳ್ಳದ ದಡದಲ್ಲೇ ತೋಡಿದ ಮಣ್ಣಿನ ಗುಂಡಿ ತೊಟ್ಟಿಯಲ್ಲ, ಅದು ಜರಡಿ. ಇದಕ್ಕಿಂತ ಒಳ್ಳೆಯ ದಾರಿ ಮೊದಲೇ ನೀರು ಕಮ್ಮಿ ಬಳಸುವುದು: ಅಂಟನ್ನು ಉಜ್ಜಿ ತೆಗೆಯುವ ಪಲ್ಪರ್, ಒಮ್ಮೆ ಬಳಸಿದ ನೀರನ್ನೇ ಮತ್ತೆ ತಿರುಗಿಸುವುದು. ಸಿಪ್ಪೆಯನ್ನು ನೀರಲ್ಲಿ ನೆನೆಯಲು ಬಿಡದೆ ತೆಗೆದರೆ ಗೊಬ್ಬರವೂ ಆಗುತ್ತದೆ. ಖರ್ಚಿದೆ, ಸಣ್ಣ ಬೆಳೆಗಾರರಿಗೆ ಅದು ಭಾರ. ನಾಲ್ಕು ತೋಟದವರು ಸೇರಿ ಒಂದೇ ಪಲ್ಪಿಂಗ್ ಜಾಗ ಮಾಡಿಕೊಂಡರೆ ಹೊರೆ ಹಂಚಿಹೋಗುತ್ತದೆ.

ಈ ನೀರು ಎಲ್ಲಿಗೆ ಹೋಗುತ್ತದೆ? ಹೇಮಾವತಿ ಕಡೆ ಇಳಿದರೆ ಗೊರೂರು ಅಣೆಕಟ್ಟು, ಹಾಸನದ ನಲ್ಲಿ. ಘಾಟಿಯ ಆ ಕಡೆ ಇಳಿದರೆ ಕೆಂಪುಹೊಳೆ, ಕುಮಾರಧಾರಾ, ನೇತ್ರಾವತಿ, ಕೊನೆಗೆ ಮಂಗಳೂರಿನ ಅಳಿವೆ.

ಈ ಸಲ ಪಲ್ಪರ್ ಶುರುವಾಗುವ ಮೊದಲೇ ತೋಟದ ಮೇಲ್ಗಡೆ ಒಂದು ಜಾಗ, ಕೆಳಗಡೆ ಒಂದು ಜಾಗ ಗುರುತು ಮಾಡಿ. ಎರಡೂ ಕಡೆ ಹತ್ತು ಹತ್ತು ಕಲ್ಲು ಮಗುಚಿ, ಕಂಡ ಹುಳಗಳನ್ನು ಎಣಿಸಿ ಬರೆದಿಡಿ. ಕಲ್ಲನ್ನು ಇದ್ದ ಹಾಗೇ ಮತ್ತೆ ಇಡಿ. ಫೆಬ್ರವರಿಯಲ್ಲಿ ಮಕ್ಕಳನ್ನೂ ಕರೆದುಕೊಂಡು ಅದೇ ಜಾಗಕ್ಕೆ ಹೋಗಿ. ಮೂರು ಬಾಲದ ಹುಳ ಮೊದಲು ಕಾಣುವುದು ಅವರ ಕಣ್ಣಿಗೇ.